ಒಂದನೇ ತರಗತಿಯ ಒಂದು ವಾರ: ಪುಸ್ತಕದಲ್ಲಿ ಕಾಣದ ಕಲಿಕೆ

ಜೂನ್ ತಿಂಗಳಲ್ಲಿ ಶಾಲೆ ತೆರೆದು ಕೆಲವು ವಾರಗಳಾಗುವಾಗ ಚರ್ಚ್ ಶಾಲೆಗಳ ಸಂಚಾಲಕರಾಗಿರುವ ನಾವು ಧರ್ಮಗುರುಗಳು ತಪ್ಪದೆ ಕೇಳುವ ದೂರೊಂದಿದೆ. ಭಾನುವಾರದ ಬಲಿಪೂಜೆ ಮುಗಿದು ಜನ ಚರ್ಚಿನ ಅಂಗಳದಲ್ಲಿ ಮಾತನಾಡುತ್ತಿರುವಾಗ ತಾಯಿಯೊಬ್ಬರು ಹತ್ತಿರ ಬರುತ್ತಾರೆ. “ಫಾದರ್, ಒಂದು ವಾರ ಕಳೆಯಿತು. ಮಗುವಿನ ಪುಸ್ತಕದಲ್ಲಿ ನಾಲ್ಕು ಗೆರೆ ಬರೆದದ್ದು ಮಾತ್ರ ಉಂಟು. ಪಕ್ಕದ ಮನೆಯ ಮಗು ಎ ಬಿ ಸಿ ಡಿ ಪುಟಗಟ್ಟಲೆ ಬರೆಯುತ್ತದೆ. ನಮ್ಮ ಟೀಚರ್ ಏನು ಕಲಿಸುತ್ತಾರೆ?”

ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಸರಿಯಾದ ಉತ್ತರ ಸಿಗದೆ ಹೋದರೆ ಮುಂದಿನ ವರ್ಷ ಆ ಮಗುವಿನ ವರ್ಗಾವಣೆ ಪತ್ರ ಕೇಳಲು ಅದೇ ತಾಯಿ ಬರುತ್ತಾರೆ. ಹತ್ತು ಹನ್ನೆರಡು ಮಕ್ಕಳಿರುವ ತರಗತಿಯಿಂದ ಇಬ್ಬರು ಹೋದರೆ ಆ ಶಾಲೆಯೇ ಉಳಿಯುವುದು ಕಷ್ಟ. ಆದ್ದರಿಂದ ಒಂದನೇ ತರಗತಿಯ ಒಂದು ವಾರದಲ್ಲಿ ನಿಜವಾಗಿ ಏನು ನಡೆಯುತ್ತದೆ, ಅದು ಹಾಗೆಯೇ ಯಾಕೆ ನಡೆಯಬೇಕು ಎಂಬುದನ್ನು ಹೆತ್ತವರಿಗಾಗಿ ಇಲ್ಲಿ ವಿವರಿಸುತ್ತಿದ್ದೇನೆ.

ಮೊದಲು ಐದು ಅಕ್ಷರಗಳ ವಿಷಯ

ನಮ್ಮಲ್ಲಿ ಹೆಚ್ಚಿನವರು ಕಲಿತದ್ದು ಅ, ಆ, ಇ, ಈ ಎಂಬ ಕ್ರಮದಲ್ಲಿ. ಸ್ವರಗಳು ಮುಗಿದು, ವ್ಯಂಜನಗಳು ಮುಗಿದು, ಕಾಗುಣಿತಕ್ಕೆ ಬರುವಾಗ ತಿಂಗಳುಗಳೇ ಕಳೆಯುತ್ತಿದ್ದವು. ಅಲ್ಲಿಯ ತನಕ ಮಗುವಿಗೆ ಅಕ್ಷರಗಳು ಗೊತ್ತು, ಆದರೆ ಓದಲು ಒಂದು ಮಾತೂ ಇಲ್ಲ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಯುನಿಸೆಫ್ ನೆರವಿನಿಂದ ‘ನಲಿ ಕಲಿ’ ಎಂಬ ಪದ್ಧತಿ ಆರಂಭವಾಯಿತು. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗವನ್ನು ನೋಡಿ ಬಂದ ಶಿಕ್ಷಕರು ಅದನ್ನು ಕನ್ನಡಕ್ಕೆ ಹೊಂದಿಸಿಕೊಂಡರು. 2009-10ರಿಂದ ಇದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ಬಂತು. ಅದರಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ಮೊದಲು ಬರುವವು ರ, ಗ, ಸ, ದ, ಅ. ಅನಂತರ ಜ, ವ, ಮ, ಬ, ನ. ಅನುದಾನಿತ ಶಾಲೆಗಳ ಅನೇಕ ಟೀಚರುಗಳೂ ಈ ಕ್ರಮವನ್ನು ತಮ್ಮ ತರಗತಿಯಲ್ಲಿ ಬಳಸುತ್ತಾರೆ.

ಇದರ ಪ್ರಯೋಜನ ಸರಳ. ಈ ಐದು ಅಕ್ಷರ ಬಂದ ಕೂಡಲೇ ಮಗು ಅರಸ, ಅಗಸ, ಸರ, ರಸ, ದರ, ದಸರ, ಗರಗಸ ಎಂದು ಓದಬಲ್ಲದು. ಕೊಂಬು, ಇಳಿ, ಒತ್ತು ಯಾವುದೂ ಬೇಡ. ತಾನು ಓದಬಲ್ಲೆ ಎಂಬ ಧೈರ್ಯ ಮೊದಲ ತಿಂಗಳುಗಳಲ್ಲಿಯೇ ಬರುತ್ತದೆ. ಮುಂದಿನ ಐದು ಅಕ್ಷರ ಸೇರಿದಾಗ ಮರ, ಜನ, ವನ, ಬಸವ, ಗಮನ ಎಂದು ಮಾತುಗಳು ಬೇಗ ಬೇಗ ಹೆಚ್ಚುತ್ತವೆ.

ಈಗ, ಶಾಲಾ ಸಿದ್ಧತೆಯ ಆಟಗಳು ಮುಗಿದು ಈ ಮೊದಲ ಐದು ಅಕ್ಷರಗಳನ್ನು ಕಲಿಯುವ ಒಂದು ವಾರವನ್ನು ನೋಡೋಣ. ಪ್ರತಿದಿನವೂ ಕನ್ನಡ, ಗಣಿತ, ಪರಿಸರ, ಆಟ ಎಲ್ಲವೂ ಇರುತ್ತವೆ. ಆದರೆ ಒಂದೊಂದು ದಿನ ಒಂದೊಂದಕ್ಕೆ ಒತ್ತು ಇರುತ್ತದೆ.

ಸೋಮವಾರ: ಕಿವಿ ಮತ್ತು ನಾಲಿಗೆ

ಸೋಮವಾರ ಟೀಚರ್ ಏನನ್ನೂ ಬರೆಯಿಸುವುದಿಲ್ಲ. ಮಕ್ಕಳು ಚಾಪೆಯ ಮೇಲೆ ವೃತ್ತವಾಗಿ ಕುಳಿತು ಭಾನುವಾರ ಏನು ಮಾಡಿದರೆಂದು ಹೇಳುತ್ತಾರೆ. ಅಜ್ಜಿ ಮನೆಗೆ ಹೋದದ್ದು, ದೊತೊರ್ನ್ ತರಗತಿಯಲ್ಲಿ ಹಾಡಿದ್ದು, ಅಪ್ಪ ಬೂತಾಯಿ ಮೀನು ತಂದದ್ದು. ಬಳಿಕ ಟೀಚರ್ ಒಂದು ಕಥೆ ಹೇಳುತ್ತಾರೆ. ಅದರಲ್ಲಿ ಒಬ್ಬ ಅರಸ, ಅವನ ಕಳೆದುಹೋದ ಸರ, ಅದನ್ನು ಬಟ್ಟೆಯ ಗಂಟಿನಲ್ಲಿ ಕಂಡು ತಂದುಕೊಟ್ಟ ಅಗಸ. ವಾರದ ಅಕ್ಷರಗಳೆಲ್ಲ ಆ ಕಥೆಯ ಒಳಗೇ ಇವೆ. ಮಕ್ಕಳಿಗೆ ಅದು ಗೊತ್ತಿಲ್ಲ, ಗೊತ್ತಾಗಬೇಕಾದ್ದೂ ಇಲ್ಲ.

ಕರಾವಳಿಯ ಟೀಚರಿಗೆ ಈ ಮಾತುಕತೆ ಇನ್ನೊಂದು ಕಾರಣಕ್ಕೂ ಅಗತ್ಯ. ನಮ್ಮ ಶಾಲೆಗಳಲ್ಲಿ ಕನ್ನಡ ಕೆಲವರಿಗೆ ಮಾತ್ರ ಮನೆಮಾತು. ಒಂದು ಮಗು ಕೊಂಕಣಿಯದ್ದು, ಇನ್ನೊಂದು ತುಳುವಿನದ್ದು, ಮತ್ತೊಂದು ಬ್ಯಾರಿಯದ್ದು. ಕಟ್ಟಡ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದ ಕುಟುಂಬಗಳ ಮಕ್ಕಳ ಕನ್ನಡವೇ ಬೇರೆ ಬಗೆಯದ್ದು. ತಾಯಿಯ ಚಿತ್ರ ತೋರಿಸಿ ಇವರು ಯಾರು ಎಂದು ಕೇಳಿದರೆ ತುಳು ಮಗು ‘ಅಪ್ಪೆ’ ಎನ್ನುತ್ತದೆ. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ. ಘಟ್ಟದ ಮೇಲಿನಿಂದ ಹೊಸದಾಗಿ ಬಂದ ಟೀಚರಿಗೆ ಅದು ಅಪ್ಪ ಎಂದು ಕೇಳಿಸಿ, ಮಗು ತಪ್ಪು ಹೇಳಿತು ಎಂದು ತೋರಬಹುದು. ಕೊಂಕಣಿ ಮಗು ನೀರಿಗೆ ‘ಉದಾಕ್’ ಎನ್ನುತ್ತದೆ. ಒಳ್ಳೆಯ ಟೀಚರ್ “ಹೌದು, ಉದಾಕ್. ಕನ್ನಡದಲ್ಲಿ ನೀರು” ಎನ್ನುತ್ತಾರೆ. ಮನೆಯ ಮಾತನ್ನು ತಳ್ಳಿಹಾಕುವುದಿಲ್ಲ, ಅದರ ಪಕ್ಕದಲ್ಲಿಯೇ ಶಾಲೆಯ ಮಾತನ್ನು ಇಡುತ್ತಾರೆ.

ಈ ತಿಳುವಳಿಕೆ ಧರ್ಮಸಭೆಗೆ ಹೊಸದಲ್ಲ. 17ನೆಯ ಶತಮಾನದ ಫ್ರಾನ್ಸಿನಲ್ಲಿ ಮಕ್ಕಳು ಲತೀನ್ ಪಠ್ಯದಿಂದ ಓದಲು ಆರಂಭಿಸುವುದು ವಾಡಿಕೆಯಾಗಿತ್ತು. ಬಡಮಕ್ಕಳಿಗಾಗಿ ಶಾಲೆಗಳನ್ನು ತೆರೆದ ಸಂತ ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲ್ (1651-1719) ಅದನ್ನು ಬದಲಿಸಿ, ಮಕ್ಕಳು ಆಡುವ ಫ್ರೆಂಚ್ ಭಾಷೆಯಲ್ಲಿಯೇ ಮೊದಲು ಓದು ಕಲಿಸಿದರು. 1950ರಲ್ಲಿ ಪೋಪ್ 12ನೆಯ ಪಿಯುಸ್ ಅವರನ್ನು ಶಿಕ್ಷಕರ ಪಾಲಕ ಸಂತರೆಂದು ಘೋಷಿಸಿದರು. ಅರ್ಥವಾಗದ ಮಾತಿನಲ್ಲಿ ಅಕ್ಷರ ಕಲಿತ ಮಗು ಉಚ್ಚರಿಸುತ್ತದೆಯೇ ಹೊರತು ಓದುವುದಿಲ್ಲ ಎಂಬುದನ್ನು ಅವರು ತರಗತಿಯಲ್ಲಿ ನಿಂತು ಕಂಡುಕೊಂಡಿದ್ದರು.

ಮಂಗಳವಾರ: ಕಣ್ಣು ಮತ್ತು ಬೆರಳು

ಮಂಗಳವಾರ ನಿನ್ನೆಯ ಕಥೆಯ ಅರಸ, ಸರ, ಅಗಸ ಚಿತ್ರಗಳಾಗಿ ಬರುತ್ತಾರೆ. ಚಿತ್ರದ ಕೆಳಗೆ ಹೆಸರು ಬರೆದ ಮಿಂಚುಪಟ್ಟಿ. ಮಗು ಮೊದಲು ಇಡೀ ಮಾತನ್ನು ಗುರುತಿಸುತ್ತದೆ. ಅನಂತರ ಅದನ್ನು ಬಿಡಿಸುತ್ತದೆ. ‘ಸರ’ ಎನ್ನುವಾಗ ಎರಡು ಚಪ್ಪಾಳೆ, ‘ಅರಸ’ ಎನ್ನುವಾಗ ಮೂರು, ‘ಗರಗಸ’ ಎನ್ನುವಾಗ ನಾಲ್ಕು. ಮಾತು ಎಂಬುದು ಸಣ್ಣ ಸಣ್ಣ ಧ್ವನಿಗಳಿಂದ ಆಗಿದೆ, ಪ್ರತಿಯೊಂದು ಧ್ವನಿಗೆ ಒಂದು ಗುರುತು ಇದೆ ಎಂಬುದನ್ನು ಮಗು ಚಪ್ಪಾಳೆಯಿಂದ ಕಲಿಯುತ್ತದೆ. ಓದಿನ ಬುನಾದಿಯೇ ಇದು.

ಬರವಣಿಗೆ ಆರಂಭವಾಗುವುದು ಪೆನ್ಸಿಲಿನಿಂದಲ್ಲ. ತಟ್ಟೆಯಲ್ಲಿ ಹರಡಿದ ಮರಳಿನ ಮೇಲೆ ಮಗು ಬೆರಳಿನಿಂದ ರ ಬರೆಯುತ್ತದೆ. ಹುಣಸೆ ಬೀಜಗಳನ್ನು ಸಾಲಾಗಿ ಇಟ್ಟು ಗ ಮಾಡುತ್ತದೆ. ಆವೆಮಣ್ಣಿನ ಎಳೆಯಿಂದ ಸ ಮಾಡುತ್ತದೆ. ಹಿಂದಿನ ಕಾಲದ ಐಗಳ ಮಠಗಳಲ್ಲಿ ಮರಳಿನ ಮೇಲೆ ತಿದ್ದಿಸುತ್ತಿದ್ದುದನ್ನು ಹಿರಿಯರು ಕೇಳಿರಬಹುದು. ಅದರಲ್ಲಿ ಅರ್ಥವಿತ್ತು. ಆರು ವರ್ಷದ ಮಗುವಿನ ಮಣಿಕಟ್ಟಿನ ಎಲುಬುಗಳು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ, ಬೆರಳುಗಳ ಸಣ್ಣ ಸ್ನಾಯುಗಳೂ ಬಲಿತಿರುವುದಿಲ್ಲ. ಆ ಕೈಯಿಂದ ಐದು ಪುಟ ಬರೆಯಿಸಿದರೆ ಮಗು ಅಕ್ಷರ ಕಲಿಯುವುದಕ್ಕಿಂತ ಮೊದಲು ಕೈನೋವನ್ನು, ಅದರೊಂದಿಗೆ ಶಾಲೆಯ ಮೇಲಿನ ಬೇಸರವನ್ನು ಕಲಿಯುತ್ತದೆ.

ಸಂಜೆ ಮನೆಗೆ ಹೋದಾಗ ಪುಸ್ತಕ ಖಾಲಿ. ಬೆರಳಿನಲ್ಲಿ ಮಾತ್ರ ಅಕ್ಷರ ಕುಳಿತಿದೆ.

ಬುಧವಾರ: ಎಣಿಕೆ

ಬುಧವಾರ ಲೆಕ್ಕಕ್ಕೆ ಹೆಚ್ಚು ಸಮಯ. ಒಂದರಿಂದ ನೂರರ ತನಕ ಬಾಯಿಪಾಠ ಹೇಳುವ ಮಗುವಿಗೆ ಏಳು ಬೀಜ ಕೊಡು ಎಂದರೆ ಕೆಲವೊಮ್ಮೆ ಒಂದು ಹಿಡಿ ಕೊಡುತ್ತದೆ. ಹೇಳುವುದು ಬೇರೆ, ಎಣಿಸುವುದು ಬೇರೆ. ಒಂದು ಬೀಜಕ್ಕೆ ಒಂದೇ ಸಂಖ್ಯೆ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಂಬುದು ಕೈಯಿಂದ ಮಾಡಿಯೇ ತಿಳಿಯಬೇಕಾದ ವಿಷಯ.

ಇದಕ್ಕೆ ನಮ್ಮ ಮನೆಗಳಲ್ಲಿಯೇ ಒಳ್ಳೆಯ ಸಾಧನಗಳಿವೆ. ಚೆನ್ನೆಮಣೆಯಲ್ಲಿ ಒಂದು ಸಾಲಿಗೆ ಏಳರಂತೆ ಹದಿನಾಲ್ಕು ಗುಳಿಗಳು, ಗುಳಿಗೆ ನಾಲ್ಕರಂತೆ 56 ಬೀಜಗಳು. ಒಂದೊಂದೇ ಬೀಜ ಹಾಕುತ್ತಾ ಹೋಗುವ ಮಗುವಿಗೆ ತಾನು ಗಣಿತ ಮಾಡುತ್ತಿದ್ದೇನೆಂದು ಗೊತ್ತಿಲ್ಲ. ಹಿಡಿಸೂಡಿಯ ಕಡ್ಡಿಗಳನ್ನು ತುಂಡು ಮಾಡಿ ಹತ್ತರ ಕಟ್ಟು ಕಟ್ಟಿದರೆ ಹತ್ತು ಮತ್ತು ಬಿಡಿ ಎಂಬ ಭೇದ ಮುಂದಿನ ದಿನಗಳಲ್ಲಿ ಕಣ್ಣಿಗೇ ಕಾಣುತ್ತದೆ.

ಇಲ್ಲಿಯೂ ಮನೆಮಾತಿನ ಒಂದು ಸಂಗತಿ ಇದೆ. ಕನ್ನಡದ ‘ಇಪ್ಪತ್ತೈದು’ ಎಂಬ ಮಾತಿನಲ್ಲಿ ಮೊದಲು ಇಪ್ಪತ್ತು, ಅನಂತರ ಐದು. ಬರೆಯುವ ಕ್ರಮವೂ 25 ಎಂದು ಅದೇ. ಕೊಂಕಣಿಯ ‘ಪಂಚ್ವೀಸ್’ನಲ್ಲಿ ಐದು ಮೊದಲು ಕೇಳಿಸುತ್ತದೆ, ವೀಸ್ ಎಂಬ ಇಪ್ಪತ್ತು ಅನಂತರ. ಆದ್ದರಿಂದ ಕೊಂಕಣಿ ಮನೆಯ ಮಗು ಎಂದಾದರೂ 25ಕ್ಕೆ 52 ಬರೆದರೆ ಅದು ದಡ್ಡತನವಲ್ಲ, ಕಿವಿಗೆ ಕೇಳಿದ ಕ್ರಮದಲ್ಲಿ ಬರೆದಿದೆ ಅಷ್ಟೆ. ಕಟ್ಟು ಮತ್ತು ಬಿಡಿ ಕಡ್ಡಿಗಳನ್ನು ಮುಂದಿಟ್ಟರೆ ತಾನೇ ತಿದ್ದಿಕೊಳ್ಳುತ್ತದೆ. ತಲೆಗೆ ಕುಟ್ಟಿದರೆ ತಿದ್ದಿಕೊಳ್ಳುವುದಿಲ್ಲ.

ಗುರುವಾರ: ತರಗತಿಯ ಹೊರಗೆ

ಮಳೆ ಬಿಟ್ಟಿದ್ದರೆ ಗುರುವಾರ ಮಕ್ಕಳು ಅಂಗಳಕ್ಕೆ ಇಳಿಯುತ್ತಾರೆ. ಮೂರು ಬಗೆಯ ಎಲೆ ತರಬೇಕು. ಹಲಸಿನ ಎಲೆ ದಪ್ಪ, ಹುಣಸೆಯದ್ದು ಸಣ್ಣ, ಕೆಸುವಿನ ಎಲೆಯ ಮೇಲೆ ನೀರು ನಿಲ್ಲುವುದಿಲ್ಲ. ಎಲೆಗಳನ್ನು ಗಾತ್ರದಂತೆ, ಬಣ್ಣದಂತೆ ವಿಂಗಡಿಸುವುದು ವಿಜ್ಞಾನವೂ ಹೌದು, ಗಣಿತವೂ ಹೌದು. ಬಣ್ಣ, ಆಕಾರ, ನಯ, ಒರಟು ಎಂಬುದನ್ನು ವಿವರಿಸಿ ಹೇಳುವಾಗ ಅದು ಭಾಷೆಯ ಪಾಠ.

ಮಧ್ಯಾಹ್ನದ ಊಟವೂ ಪಾಠವೇ. ರಾಜ್ಯದಲ್ಲಿ 2002ರಿಂದ ಜಾರಿಗೆ ಬಂದ ಅಕ್ಷರ ದಾಸೋಹದ ಬಿಸಿಯೂಟವನ್ನು ಹೊಟ್ಟೆ ತುಂಬಿಸುವ ಯೋಜನೆ ಎಂದು ಮಾತ್ರ ನಾವು ನೋಡುತ್ತೇವೆ. ಕೈ ತೊಳೆದು ಸಾಲಿನಲ್ಲಿ ನಿಲ್ಲುವುದು, ತನ್ನ ಸರದಿಗೆ ಕಾಯುವುದು, ಎಲ್ಲ ಜಾತಿ ಧರ್ಮದ ಮಕ್ಕಳೊಂದಿಗೆ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದು, ಚೆಲ್ಲದೆ ತಟ್ಟೆ ತೊಳೆದಿಡುವುದು ಇವೆಲ್ಲ ಆರು ವರ್ಷದ ಮಗುವಿಗೆ ದೊಡ್ಡ ಕಲಿಕೆಗಳು. ಕ್ರೈಸ್ತ ಶಾಲೆ ಎಂದರೆ ಏನೆಂದು ತೋರಿಸಲು ಈ ಊಟದ ಸಾಲಿಗಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಶುಕ್ರವಾರ: ಓದು ಮತ್ತು ನಾಲ್ಕು ಗೆರೆ

ಶುಕ್ರವಾರ ಕೊನೆಗೂ ಪುಸ್ತಕ ಹೊರಗೆ ಬರುತ್ತದೆ. ಕಿವಿಯಿಂದ ಕೇಳಿ, ಬಾಯಿಂದ ಹೇಳಿ, ಚಪ್ಪಾಳೆ ತಟ್ಟಿ, ಮರಳಿನಲ್ಲಿ ತಿದ್ದಿ, ಬೀಜದಲ್ಲಿ ಜೋಡಿಸಿದ ಅಕ್ಷರಗಳನ್ನು ಮಗು ಈಗ ಬರೆಯುತ್ತದೆ. ಸರ. ರಸ. ಅರಸ. ಅಗಸ. ತಾಯಿ ಕಂಡ ನಾಲ್ಕು ಗೆರೆ ಇವೇ.

ಬರೆದ ಬಳಿಕ ಟೀಚರ್ ಒಂದು ಹೊಸ ಮಾತನ್ನು ಹಲಗೆಯಲ್ಲಿ ಬರೆಯುತ್ತಾರೆ. ಕಥೆಯಲ್ಲಿ ಬಾರದ ಮಾತು: ದಸರ. ಯಾರೂ ಓದಿ ಹೇಳುವುದಿಲ್ಲ. ಮಕ್ಕಳು ದ, ಸ, ರ ಎಂದು ಬಿಡಿಯಾಗಿ ಹೇಳುತ್ತಾ ಹೋಗಿ, ಒಬ್ಬರು ಥಟ್ಟನೆ “ದಸರ!” ಎನ್ನುತ್ತಾರೆ. ವಾರದ ಪರೀಕ್ಷೆ ಅದೇ. ತೋರಿಸಿದ್ದನ್ನು ನಕಲು ಮಾಡುವ ಮಗು ಹತ್ತು ಪುಟ ತುಂಬಿಸಬಹುದು. ತೋರಿಸದ ಮಾತನ್ನು ತಾನೇ ಓದಿದ ಮಗು ಮಾತ್ರ ಓದು ಕಲಿತಿದೆ.

ಎಲ್ಲರೂ ಓದುವುದಿಲ್ಲ ಎಂಬುದನ್ನೂ ಹೇಳಬೇಕು. ಹನ್ನೆರಡು ಮಕ್ಕಳಲ್ಲಿ ಮೂವರು ಇನ್ನೂ ಗ ಮತ್ತು ಸ ನಡುವೆ ತಡಕಾಡುತ್ತಿರಬಹುದು. ಅವರನ್ನು ಬಿಟ್ಟು ಮುಂದಕ್ಕೆ ಹೋಗದೆ, ಅವರಿಗೆ ಮತ್ತೆ ಮರಳಿನ ತಟ್ಟೆ ಕೊಟ್ಟು, ಉಳಿದವರಿಗೆ ಬೇರೆ ಕೆಲಸ ಕೊಡುವುದೇ ಟೀಚರಿನ ನಿಜವಾದ ದುಡಿಮೆ.

ಶನಿವಾರ: ಅರ್ಧ ದಿನ

ಶನಿವಾರ ಬೆಳಗ್ಗಿನ ಶಾಲೆ. ಸಾಮೂಹಿಕ ವ್ಯಾಯಾಮ, ಹಾಡು, ಚಿತ್ರ, ಆಟ. ನಮ್ಮ ಬಂಟ್ವಾಳದವರೇ ಆದ ಪಂಜೆ ಮಂಗೇಶರಾಯರು (1874-1937) ಶಾಲೆಗಳಲ್ಲಿ ಶಿಕ್ಷಕರಾಗಿ, ಇನ್‌ಸ್ಪೆಕ್ಟರರಾಗಿ ದುಡಿದವರು. ಮಕ್ಕಳ ಬಾಯಿಗೆ ಹಾಡು ಬೇಕೆಂದು ಕಂಡು ಅವರು ಬರೆದ ‘ಹಾವಿನ ಹಾಡು’ ಇಂದಿಗೂ ಮಕ್ಕಳ ಬಾಯಲ್ಲಿದೆ. ಹಾಡುವ ಮಗುವಿಗೆ ಪ್ರಾಸ ಸಿಗುತ್ತದೆ. ಪ್ರಾಸ ಸಿಕ್ಕಿದ ಮಗುವಿಗೆ ಮಾತಿನ ಕೊನೆಯ ಧ್ವನಿ ಕೇಳಿಸುತ್ತದೆ. ಆ ಕಿವಿಯೇ ಮುಂದೆ ಓದಿಗೆ ಬರುವುದು.

ಮಕ್ಕಳು ಹೋದ ಮೇಲೆ ಟೀಚರ್ ಯಾರಿಗೆ ಏನು ಬಂತು ಎಂದು ಬರೆದಿಡುತ್ತಾರೆ. ಮುಂದಿನ ಸೋಮವಾರದ ಕಥೆ ಅದರ ಮೇಲೆ ನಿಂತಿದೆ.

ಒಂದು ದಿನ ತಪ್ಪಿದರೆ

ಈ ವಾರವನ್ನು ನೋಡಿದವರಿಗೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಒಂದು ದಿನ ಇನ್ನೊಂದರ ಮೇಲೆ ಕುಳಿತಿದೆ. ಸೋಮವಾರ ಬಾರದ ಮಗುವಿಗೆ ಕಥೆ ಗೊತ್ತಿಲ್ಲ. ಮಂಗಳವಾರದ ಚಿತ್ರ ಅದಕ್ಕೆ ಬರೇ ಚಿತ್ರ, ಶುಕ್ರವಾರದ ನಾಲ್ಕು ಗೆರೆ ಬರೇ ಗೆರೆ.

ಭಾನುವಾರ ನೆಂಟರ ಮನೆಗೆ ಹೋದವರು ಸೋಮವಾರ ಮಗುವನ್ನು ಕಳುಹಿಸುವುದಿಲ್ಲ. ವಾರದ ನಡುವೆ ರೋಸ್, ಮದುವೆ ಎಂದು ಎರಡು ದಿನ ಹೋಗುತ್ತದೆ. “ಒಂದನೇ ಕ್ಲಾಸಿನಲ್ಲಿ ಏನು ದೊಡ್ಡ ಪಾಠ ಉಂಟು?” ಎನ್ನುತ್ತೇವೆ. 2009ರ ಶಿಕ್ಷಣ ಹಕ್ಕು ಕಾಯಿದೆ ಒಂದರಿಂದ ಐದನೇ ತರಗತಿಯವರಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಕಲಿಕೆ ಇರಬೇಕೆಂದು ಹೇಳುತ್ತದೆ. ವಾರಕ್ಕೆ ಆರು ದಿನದಂತೆ ಇದು ಸುಮಾರು 33 ವಾರ. ವಾರಕ್ಕೆ ಒಂದೇ ದಿನ ತಪ್ಪಿದರೂ ವರ್ಷದಲ್ಲಿ 33 ದಿನ, ಅಂದರೆ ಐದೂವರೆ ವಾರ ಹೋಯಿತು. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ಕೊಡುವ ರಜೆ ಬೇರೆ.

ಹಾಗೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಕೊರೋನಾ ಕಾಲ ನಮಗೆ ತೋರಿಸಿತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳು ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯವರಿಗೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಒಂದನೇ ತರಗತಿಯನ್ನು ಮನೆಯಲ್ಲಿಯೇ ಕಳೆದ ಮಕ್ಕಳು ನೇರವಾಗಿ ಎರಡನೆಯದರಲ್ಲಿ ಬಂದು ಕುಳಿತರು. ಮೊಬೈಲಿನಲ್ಲಿ ಪಾಠ ಕೇಳಿದ್ದರೂ ಮರಳಿನ ತಟ್ಟೆ, ಚಪ್ಪಾಳೆ, ಚಾಪೆಯ ಮೇಲಿನ ಮಾತು ಯಾವುದೂ ಅವರಿಗೆ ಸಿಕ್ಕಿರಲಿಲ್ಲ. ಅವರನ್ನು ಓದಿಗೆ ತರಲು ಟೀಚರುಗಳು ಪಟ್ಟ ಪಾಡನ್ನು ಸಂಚಾಲಕರಾದ ನಾವು ಕಂಡಿದ್ದೇವೆ.

ಹೆತ್ತವರು ಕೇಳಬೇಕಾದ ಪ್ರಶ್ನೆ

ಹಾಗಾದರೆ ಹೆತ್ತವರು ಪ್ರಶ್ನಿಸಬಾರದೇ? ಖಂಡಿತ ಪ್ರಶ್ನಿಸಬೇಕು. ಖಾಲಿ ಪುಸ್ತಕದ ಹಿಂದೆ ಎಲ್ಲ ಕಡೆಯೂ ಇಂತಹ ವಾರವೇ ಇದೆ ಎಂದು ಹೇಳಲಾಗದು. ಒಬ್ಬರೇ ಟೀಚರ್ ಎರಡು ಮೂರು ತರಗತಿ ನೋಡಿಕೊಳ್ಳುತ್ತಾ, ಕಚೇರಿಯ ಕಾಗದಪತ್ರವನ್ನೂ ಮಾಡುವ ಕಡೆ ವಾರ ಸುಮ್ಮನೆ ಕಳೆದುಹೋಗುವುದುಂಟು. ಅದನ್ನು ಸರಿಪಡಿಸುವುದು ಆಡಳಿತದವರಾದ ನಮ್ಮ ಜವಾಬ್ದಾರಿ.

ಆದರೆ ‘ಎಷ್ಟು ಪುಟ ಬರೆಯಿತು’ ಎಂದು ಕೇಳುವ ಬದಲು ‘ಏನು ಓದಬಲ್ಲದು’ ಎಂದು ಕೇಳಬೇಕು. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಆರಂಭಿಸಿದ ‘ನಿಪುಣ ಭಾರತ’ ಯೋಜನೆ ಇದಕ್ಕೊಂದು ಅಳತೆ ಕೊಟ್ಟಿದೆ. ಒಂದನೇ ತರಗತಿ ಮುಗಿಯುವಾಗ ಮಗು ನಾಲ್ಕೈದು ಸರಳ ಮಾತುಗಳಿರುವ, ಮೊದಲು ನೋಡಿರದ ಸಣ್ಣ ವಾಕ್ಯವನ್ನು ಓದಬೇಕು, 99ರ ತನಕ ಸಂಖ್ಯೆ ಓದಿ ಬರೆಯಬೇಕು, ಸುಲಭದ ಕೂಡಿಸು ಕಳೆ ಮಾಡಬೇಕು. ಮೂರನೆಯದು ಮುಗಿಯುವಾಗ ಅರ್ಥ ತಿಳಿದು ಸರಾಗವಾಗಿ ಓದಬೇಕು. ಅಲ್ಲಿಂದ ಮುಂದೆ ಎಲ್ಲ ಪಾಠಗಳೂ ಓದಿನ ಮೂಲಕವೇ ಬರುವುದರಿಂದ, ಆಗ ಓದಲು ಬಾರದ ಮಗು ಪ್ರತಿ ವಿಷಯದಲ್ಲಿಯೂ ಹಿಂದುಳಿಯುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು ಕಷ್ಟದ ಕೆಲಸವಲ್ಲ.

1. ಸೋಮವಾರದಿಂದ ಶನಿವಾರದ ತನಕ ಮಗುವನ್ನು ತಪ್ಪದೆ ಕಳುಹಿಸಿರಿ.

2. ಸಂಜೆ ಪುಸ್ತಕ ತೆರೆಯುವ ಮೊದಲು “ಇವತ್ತು ಟೀಚರ್ ಯಾವ ಕಥೆ ಹೇಳಿದರು? ನನಗೂ ಹೇಳು” ಎನ್ನಿರಿ. ಮನೆಮಾತಿನಲ್ಲಿ ಹೇಳಿದರೂ ಆಗುತ್ತದೆ.

3. ಬಟಾಣಿ ಸುಲಿಯಲು, ಮಲ್ಲಿಗೆ ಎಣಿಸಲು, ತಟ್ಟೆ ಜೋಡಿಸಲು ಮಗುವನ್ನು ಕೂರಿಸಿಕೊಳ್ಳಿರಿ. ಕೈಗೆ ಬಲ, ಲೆಕ್ಕಕ್ಕೆ ಅಭ್ಯಾಸ.

4. ಹೆಚ್ಚುವರಿ ಕಾಪಿ ಬರೆಯಿಸಬೇಡಿರಿ. 2019ರಲ್ಲಿ ನಮ್ಮ ರಾಜ್ಯ ಸರಕಾರವೇ ಒಂದು ಮತ್ತು ಎರಡನೇ ತರಗತಿಗೆ ಮನೆಗೆಲಸ ಕೊಡಬಾರದು, ಚೀಲ ಎರಡು ಕಿಲೋ ಮೀರಬಾರದು ಎಂದು ಆದೇಶಿಸಿದೆ.

5. ಬಸ್ಸಿನ ಬೋರ್ಡು, ಅಂಗಡಿಯ ಹೆಸರು ಓದಿಸಿರಿ. ನಮ್ಮ ಕೊಂಕಣಿ ಪ್ರಾರ್ಥನಾ ಪುಸ್ತಕವೂ, 1938ರಲ್ಲಿ ಆರಂಭವಾದ ‘ರಾಕ್ಣೊ’ ಪತ್ರಿಕೆಯೂ ಕನ್ನಡ ಲಿಪಿಯಲ್ಲಿಯೇ ಇವೆ. ಶಾಲೆಯಲ್ಲಿ ಕಲಿತ ರ ಎಂಬ ಅಕ್ಷರ ಮನೆಯ ಜಪದ ಪುಸ್ತಕದಲ್ಲಿಯೂ ಇದೆ ಎಂದು ಕಂಡ ಮಗುವಿನ ಸಂತೋಷವನ್ನು ಒಮ್ಮೆ ನೋಡಿರಿ.

1921ರಲ್ಲಿ ಮಂಗಳೂರಿನ ಬೆಂದೂರಿನಲ್ಲಿ ಬೆಥನಿ ಧರ್ಮಭಗಿನಿಯರ ಸಂಸ್ಥೆಯನ್ನು ಸ್ಥಾಪಿಸಿದ ದೇವರ ಸೇವಕ ಮೊನ್ಸಿಂಜೊರ್ ರೇಮಂಡ್ ಮಸ್ಕರೇನ್ಹಸ್ ಹಳ್ಳಿಯ ಮಕ್ಕಳಿಗೂ ಅಕ್ಷರ ಸಿಗಬೇಕೆಂದು ಬಯಸಿದರು. ಅವರಂತೆ ನಮ್ಮ ಹಿರಿಯರು ಕಟ್ಟಿದ ಶಾಲೆಗಳು ಕಟ್ಟಡದಿಂದ ಉಳಿದವಲ್ಲ. ಒಂದೊಂದು ವಾರವನ್ನು ಶ್ರದ್ಧೆಯಿಂದ ನಡೆಸಿದ ಟೀಚರುಗಳಿಂದ, ಅವರನ್ನು ನಂಬಿ ಮಕ್ಕಳನ್ನು ಕಳುಹಿಸಿದ ಹೆತ್ತವರಿಂದ ಉಳಿದವು.

ಬೀಜ ಬಿತ್ತಿದವನು ಮಲಗಿ ಏಳುತ್ತಿರುವಾಗ, ಅವನಿಗೇ ತಿಳಿಯದಂತೆ ಅದು ಮೊಳೆತು ಬೆಳೆಯುವುದನ್ನು ಯೇಸುಸ್ವಾಮಿ ಒಂದು ಸಾಮತಿಯಲ್ಲಿ ಹೇಳಿದ್ದಾರೆ (ಮಾರ್ಕ 4). ಬೇರು ಬಂತೋ ಎಂದು ನೋಡಲು ನಮ್ಮ ರೈತರು ಯಾರೂ ನೇಜಿಯನ್ನು ದಿನಕ್ಕೊಮ್ಮೆ ಕಿತ್ತು ನೋಡುವುದಿಲ್ಲ. ಆದರೆ ಗದ್ದೆಯ ನೀರನ್ನು ದಿನವೂ ನೋಡುತ್ತಾರೆ. ನಮ್ಮ ಪುಟ್ಟ ಮಕ್ಕಳ ಪುಸ್ತಕದ ನಾಲ್ಕು ಗೆರೆಯನ್ನೂ ಆ ಕಣ್ಣಿನಿಂದ ನೋಡೋಣ. ನಮ್ಮ ಮಕ್ಕಳನ್ನೂ ಅವರ ಟೀಚರುಗಳನ್ನೂ ದೇವರು ಆಶೀರ್ವದಿಸಲಿ.